ಒಂದೇ ಥಾನಿನ ಎರಡು ಕೋಟು

ರಫುಗಾರನ ಕೆಲಸಕ್ಕೆ ಸಿಗುವ ಹೊಗಳಿಕೆ ಒಂದೇ: "ಅರೆ, ತೂತು ಎಲ್ಲಿತ್ತು?" ಗಿರಾಕಿ ಬಟ್ಟೆಯನ್ನು ಬೆಳಕಿಗೆ ಹಿಡಿದು, ಒಳಗೂ ಹೊರಗೂ ತಿರುವಿ, ಹುಡುಕಲಾರದೆ ಹೀಗೆ ಕೇಳಿದನೆಂದರೆ ಕೆಲಸ ಗೆದ್ದಿತು. ಆದರೆ ಕಣ್ಣಿಗೇ ಬೀಳದ ಕೆಲಸವನ್ನು ಯಾರು ತಾನೇ ನೆನಪಿಟ್ಟುಕೊಳ್ಳುತ್ತಾರೆ? ದರ್ಜಿ ಹೊಲಿದ ಅಂಗಿಯನ್ನು ನೋಡಿ ನಾಲ್ಕು ಜನ ಎಲ್ಲಿ ಹೊಲಿಸಿದಿರಿ ಎಂದು ವಿಚಾರಿಸುತ್ತಾರೆ. ರಫು ಮಾಡಿದ ಅಂಗಿಯ ಬಗ್ಗೆ ಯಾರಾದರೂ ವಿಚಾರಿಸಿದರೆ ಅದೇ ಅವಮಾನ. ನಮ್ಮ ರಫುಗಾರ ಹೀಗೆ ಊರವರ ತೂತುಗಳನ್ನು ಮಾಯ ಮಾಡುತ್ತ ಮಾಡುತ್ತ, ಐವತ್ತು ದಾಟುವ ಹೊತ್ತಿಗೆ ತಾನೂ ಅರ್ಧ ಮಾಯವಾಗಿದ್ದ.

ಅವನ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಸಂದು. ಎಡಕ್ಕೆ ಗಡಿಯಾರ ರಿಪೇರಿಯವನು, ಬಲಕ್ಕೆ ಜೆರಾಕ್ಸ್ ಅಂಗಡಿ. ನಿಂತರೆ ತಲೆ ತಾಗುವುದರಿಂದ ಕೂತೇ ಇರಬೇಕು. ಮೇಲೆ ಜನ ಹತ್ತಿ ಇಳಿಯುವಾಗ ದೀಪ ಅಲ್ಲಾಡುತ್ತಿತ್ತು, ಅವನ ಸೂಜಿ ಅಲ್ಲಾಡುತ್ತಿರಲಿಲ್ಲ. ಮನೆ ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಬೇರೆ ಬಟ್ಟೆಯ ತುಂಡಿಟ್ಟು ಹೊಲಿಯುವುದಕ್ಕೆ ತೇಪೆ ಎನ್ನುತ್ತಾರೆ. ಅವನೆದುರು ಆ ಮಾತೆತ್ತಿದರೆ ಬೈದಂತೆ. ರಫು ಎಂದರೆ ಅದೇ ಬಟ್ಟೆಯ ಒಳಮಡಿಕೆಯಿಂದ ನೂಲೆಳೆದು, ಉದ್ದಕ್ಕೂ ಅಡ್ಡಕ್ಕೂ ನೇಯ್ದು, ಹರಿದ ಕಡೆ ಬಟ್ಟೆಯನ್ನೇ ಮತ್ತೆ ಹುಟ್ಟಿಸುವುದು. "ಬೇರೆ ನೂಲು ಹಾಕಿದರೆ ಮೊದಲನೇ ಒಗೆತಕ್ಕೇ ಚಾಡಿ ಹೇಳುತ್ತೆ" ಎನ್ನುತ್ತಿದ್ದ.

ಇಂಥವನ ಬಾಳಿನಲ್ಲಿ ಅವನಿಂದಲೂ ಮುಚ್ಚಲಾಗದ ತೂತು ಒಂದಿತ್ತು. ಅದು ಷಡ್ಡಕ. ಹೆಂಡತಿಯ ತಂಗಿಯ ಗಂಡ. ಈ ಸಂಬಂಧಕ್ಕೆ ಹೆಸರಿಟ್ಟವನು ಇಬ್ಬರು ಅಳಿಯಂದಿರು ಎದುರುಬದುರು ಸಡ್ಡು ಹೊಡೆಯುವ ಸದ್ದು ಕೇಳಿಯೇ ಇಟ್ಟಿರಬೇಕು. ಷಡ್ಡಕ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನ ಅವನ ಶಿಷ್ಯರು. ಅವನು ರಸ್ತೆಗೆ ಕಾಲಿಟ್ಟರೆ ಎಲ್ಲ ಕಡೆಯಿಂದ ಹಾರ್ನ್ ಹೊಡೆದು ನಮಸ್ಕಾರ ಮಾಡುತ್ತಿದ್ದರು. ರಫುಗಾರ ರಸ್ತೆಗೆ ಕಾಲಿಟ್ಟರೂ ಹಾರ್ನ್ ಹೊಡೆಯುತ್ತಿದ್ದರು, ಪಕ್ಕಕ್ಕೆ ಸರಿಯಲಿ ಎಂದು.

ಅಕ್ಕ ತಂಗಿ ಇಬ್ಬರ ಮದುವೆಯೂ ಒಂದೇ ವರ್ಷ ಆಗಿತ್ತು. ಮಾವ ಒಂದೇ ಥಾನಿನಿಂದ ಬೂದು ಬಣ್ಣದ ಉಣ್ಣೆ ಬಟ್ಟೆ ಕತ್ತರಿಸಿ ಇಬ್ಬರು ಅಳಿಯಂದಿರಿಗೂ ಕೋಟು ಹೊಲಿಸಿಕೊಟ್ಟಿದ್ದರು. ಚಿಕ್ಕ ಅಳಿಯ ತೊಟ್ಟು ನಿಂತಾಗ, "ನಿನಗೆ ಎಷ್ಟು ಚೆನ್ನಾಗಿ ಒಪ್ಪುತ್ತಪ್ಪಾ!" ಎಂದಿದ್ದರು. ದೊಡ್ಡವನ ಕಡೆ ತಿರುಗಿ, "ನಿನಗೂ ಆಗುತ್ತೆ" ಎಂದಿದ್ದರು. ಮಾವ ಹೋಗಿ ಎಷ್ಟೋ ಕಾಲವಾಗಿತ್ತು, ಆ "ನಿನಗೂ" ಮಾತ್ರ ರಫುಗಾರನ ಕಿವಿಯಿಂದ ಹೋಗಿರಲಿಲ್ಲ. ಅವನು ಆ ಕೋಟನ್ನು ತೊಡಲೇ ಇಲ್ಲ. ನುಸಿಗುಳಿಗೆಯ ವಾಸನೆಯಲ್ಲಿ ಅದು ಬೀರುವಿನೊಳಗೆ ನೇತಾಡುತ್ತಿತ್ತು. ಷಡ್ಡಕನಾದರೋ ತನ್ನ ಕೋಟನ್ನು ಎಲ್ಲ ಕಡೆಗೂ ತೊಟ್ಟು ಹೋದ. ಮೈ ಬಂದಂತೆಲ್ಲ ಒಳಮಡಿಕೆ ಬಿಚ್ಚಿಸಿ ದೊಡ್ಡದು ಮಾಡಿಸಿಕೊಂಡು ಮತ್ತೆ ತೊಟ್ಟ.

ಹೊಟ್ಟೆಕಿಚ್ಚು ಹೀಗೆ ರಫುಗಾರನ ಹಳೆಯ ಬಾಡಿಗೆದಾರ. ಷಡ್ಡಕ ಮನೆಯ ಮೇಲೆ ಮನೆ ಎಬ್ಬಿಸಿದಾಗ ಅದು ಹೊಟ್ಟೆಯಲ್ಲಿತ್ತು. ಆದ್ದರಿಂದ ಒಂದು ಮಧ್ಯಾಹ್ನ ಗಡಿಯಾರದವನು ಬಗ್ಗಿ, "ನಿಮ್ಮ ಷಡ್ಡಕರು ಹೊಸ ಕಾರು ತಗೊಂಡ್ರಂತೆ, ಗೇರೇ ಇಲ್ವಂತೆ" ಎಂದಾಗ ಎದೆಯ ನಡುವೆ ಎದ್ದ ಉರಿಯನ್ನು ರಫುಗಾರ ವಿಶೇಷವೆಂದು ಎಣಿಸಲಿಲ್ಲ. ಹೊಸ ಕಾರಲ್ಲವೇ, ಕಿಚ್ಚು ಒಂದು ಮಹಡಿ ಮೇಲೇರುವುದು ನ್ಯಾಯವೇ ಎಂದುಕೊಂಡ. ಕೈಯಲ್ಲಿದ್ದ ತೋಳಿನ ರಫು ಮುಗಿಸಿ, ನೂಲು ಕತ್ತರಿಸಿ, ಆಮೇಲೆ ಪಕ್ಕಕ್ಕೆ ವಾಲಿದ. ಗಡಿಯಾರದವನು ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಒಯ್ದ. ರಕ್ತನಾಳದ ಅಡಚಣೆ ಬಿಡಿಸಿ ಮಲಗಿಸಿದರು.

ನಿಜ ಹೇಳಬೇಕೆಂದರೆ ಅನಂತರದ ವಾರಗಳು ಅವನ ಬಾಳಿನ ಸುಗ್ಗಿ. ಮೊದಲ ಬಾರಿಗೆ ನೆಂಟರೆಲ್ಲ ಅವನನ್ನು ನೋಡಲೆಂದೇ ಬಂದರು. ಷಡ್ಡಕನೂ ಸೇಬು ಹಿಡಿದು ಬಂದು, ಮಂಚದ ತುದಿಯಲ್ಲಿ ಕೂತು, ಯಾರೂ ತನ್ನನ್ನು ಮಾತಾಡಿಸದ್ದರಿಂದ ಸಪ್ಪಗೆ ಎದ್ದು ಹೋದ. ಹೃದಯಾಘಾತದಲ್ಲಿ ಕುಟುಂಬಕ್ಕೆ ತಾನೇ ಮೊದಲಿಗ ಎಂಬ ಸಮಾಧಾನದಲ್ಲಿ ರಫುಗಾರ ಆ ಸೇಬನ್ನು ಸಿಪ್ಪೆ ಸಮೇತ ತಿಂದ.

ತಿಂಗಳು ತುಂಬುವುದರೊಳಗೆ ಷಡ್ಡಕನಿಗೂ ಆಯಿತು.

ಅದೂ ಹೇಗೆ! ಚಲಿಸುವ ಕಾರಿನಲ್ಲಿ, ಪಕ್ಕದಲ್ಲಿ ಹೊಸದಾಗಿ ಕಲಿಯುವ ಬ್ಯಾಂಕ್ ಮೇಡಂ, ಎದುರಿಗೆ ತುಂಬಿದ ಬಸ್ಸು. ಎದೆ ಹಿಂಡುತ್ತಿರುವಾಗಲೇ ಷಡ್ಡಕ ತನ್ನ ಕಡೆಯ ಬ್ರೇಕನ್ನು ಒತ್ತಿ, ಕಾರು ನಿಲ್ಲಿಸಿ, "ಮೇಡಂ, ಹ್ಯಾಂಡ್‌ಬ್ರೇಕ್ ಎಳೀರಿ, ಇಂಡಿಕೇಟರ್ ಹಾಕಿ" ಎಂದು ಪಾಠ ಮುಗಿಸಿಯೇ ಪ್ರಜ್ಞೆ ತಪ್ಪಿದನಂತೆ. ಆ ದಿನ ತೊಟ್ಟಿದ್ದು ಅದೇ ಬೂದು ಕೋಟು. ತುರ್ತು ಚಿಕಿತ್ಸೆಯವರು ಅದರ ಎಡಭಾಗವನ್ನು ಕತ್ತರಿಯಿಂದ ಸೀಳಿ ಎದೆ ತೆರೆದರಂತೆ. ಊರೆಲ್ಲ ಇದೇ ಮಾತು. "ನಾನೂ ತೋಳು ಮುಗಿಸಿಯೇ ಬಿದ್ದೆ" ಎಂದು ರಫುಗಾರ ಹೆಂಡತಿಯೆದುರು ಗೊಣಗಿದ.

"ತೋಳಿಗೂ ಬಸ್ಸಿಗೂ ವ್ಯತ್ಯಾಸ ಇಲ್ವೇನ್ರೀ?" ಎಂದಳು ಅವಳು.

ಇಬ್ಬರಿಗೂ ಒಂದೇ ಆಸ್ಪತ್ರೆ, ಒಬ್ಬರೇ ಡಾಕ್ಟರಮ್ಮ. ಹೃದಯದವರಿಗೆಂದೇ ಅಲ್ಲಿ ವ್ಯಾಯಾಮದ ಕೋಣೆ ಇತ್ತು. ಗೋಡೆಗೆ ಕನ್ನಡಿ, ನಿಂತಲ್ಲೇ ನಡೆಯುವ ಯಂತ್ರಗಳು. ಅಲ್ಲಿ ಬರುವವರು ಕುಶಲ ಕೇಳುತ್ತಿದ್ದದ್ದೇ ಬೇರೆ ಥರ: "ಪಂಪಿಂಗ್ ಎಷ್ಟು ಬಂತು?" ಹೃದಯ ಪ್ರತಿ ಬಡಿತಕ್ಕೂ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಎಂಬ ಲೆಕ್ಕ ಅದು. ಎಕೋ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಶುರುವಿನಲ್ಲಿ ಷಡ್ಡಕರಿಬ್ಬರದೂ ನಲವತ್ತು. ಮುಂದಿನ ಸಲ ಷಡ್ಡಕನದು ಐವತ್ತಾಯಿತು, ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು. ರಫುಗಾರನದು ಮೂವತ್ತೈದು. ಅವನಿಗೆ ಯಾರೋ ಕುರ್ಚಿ ಕೊಟ್ಟರು.

ಅವನು ನೇರ ಡಾಕ್ಟರಮ್ಮನ ಕೋಣೆಗೆ ಹೋದ.

"ಇಬ್ಬರಿಗೂ ಒಂದೇ ರಕ್ತನಾಳ, ಒಂದೇ ಪೆಟ್ಟು ಅಂತ ನೀವೇ ಹೇಳಿದ್ರಿ. ಅವನದು ಏರ್ತಿದೆ, ನಂದು ಇಳೀತಿದೆ. ಇದ್ಯಾವ ನ್ಯಾಯ?"

"ನ್ಯಾಯ ಗೊತ್ತಿಲ್ಲ, ಕಾರಣ ಹುಡುಕ್ತಿದ್ದೀವಿ. ಅದಕ್ಕೇ ನಿಮ್ಮೆಲ್ಲರ ರಕ್ತ ತಗೊಂಡಿದ್ದು. ಅದರಲ್ಲಿ ಜೀನ್ಸ್ ನೋಡ್ತೀವಿ."

"ಜೀನ್ಸ್ ನನ್ನ ಹತ್ರಾನೂ ಬರುತ್ತೆ. ಮೊಣಕಾಲಲ್ಲಿ ಹರಿದಿರುತ್ತೆ. ಮುಚ್ಚಿಕೊಟ್ರೆ ಹುಡುಗರು ಜಗಳಕ್ಕೇ ಬರ್ತಾರೆ."

ಡಾಕ್ಟರಮ್ಮ ನಕ್ಕು ಪೆನ್ನು ಕೆಳಗಿಟ್ಟರು. "ಇದು ಒಳಗಿನ ಜೀನ್ಸ್. ಕೋಶದೊಳಗೆ ಬರೆದಿಟ್ಟಿರೋ ಅಪ್ಪಣೆಗಳು ಅಂತಿಟ್ಕೊಳ್ಳಿ. ಎಲ್ಲ ಅಪ್ಪಣೇನೂ ಎಲ್ಲ ಕಡೆ ಇರುತ್ತೆ, ಆದ್ರೆ ಎಲ್ಲವೂ ಒಟ್ಟಿಗೆ ಮಾತಾಡಲ್ಲ. ಕೆಲವು ಎಚ್ಚರ ಇರ್ತವೆ, ಕೆಲವು ನಿದ್ದೆ ಮಾಡ್ತವೆ. ಅಟ್ಯಾಕ್ ಆದಾಗ ರಕ್ತ ಸಿಗದೆ ಒಂದಷ್ಟು ಸ್ನಾಯು ಸತ್ತುಹೋಗುತ್ತೆ. ಆಗ ಸುತ್ತ ಮಲಗಿದ್ದ ಜೀನ್‌ಗಳು ಎದ್ದು ಕೂರ್ತವೆ. ಮೊದಲು ಸತ್ತದ್ದನ್ನ ಗುಡಿಸೋ ಕೋಶಗಳನ್ನ ಕರೀತವೆ. ಆಮೇಲೆ ಆ ಜಾಗದಲ್ಲಿ ನಾರು ನೇಯಿಸ್ತವೆ."

"ರಫು" ಎಂದ ಅವನು, ಮುಖ ಅರಳಿಸಿ.

"ರಫು ಅಲ್ಲ. ಸತ್ತ ಸ್ನಾಯು ಮತ್ತೆ ಹುಟ್ಟೋದಿಲ್ಲ ಅಂತಾನೇ ಹೇಳ್ಬೇಕು. ಇದು ಒರಟು ನಾರು. ಬಡಿಯೋಲ್ಲ, ಸುಮ್ನೆ ಬಿಗಿಯಾಗಿ ಹಿಡ್ಕೊಂಡಿರುತ್ತೆ."

"ಅಂದ್ರೆ ತೇಪೆ!" ತನ್ನ ಎದೆಯೊಳಗೇ ಇಂಥ ಕಳಪೆ ಕೆಲಸ ನಡೆದಿದೆ ಎಂದು ತಿಳಿದು ಅವನಿಗೆ ನಿಜವಾಗಿಯೂ ನೋವಾಯಿತು.

"ತೇಪೆ ಬೇಕು. ಇಲ್ದಿದ್ರೆ ಹೃದಯದ ಗೋಡೇನೇ ಹರಿದುಹೋಗುತ್ತೆ. ಆದ್ರೆ ಕೆಲಸ ಮುಗಿದ ಮೇಲೆ ಆ ಜೀನ್‌ಗಳು ಸುಮ್ಮನಾಗ್ಬೇಕು. ಕೆಲವರಲ್ಲಿ ಆಗ್ತವೆ. ಇನ್ನು ಕೆಲವರಲ್ಲಿ ಗದ್ದಲ ನಿಲ್ಲೋದೇ ಇಲ್ಲ, ಚೆನ್ನಾಗಿರೋ ಸ್ನಾಯುವಿನ ಮಧ್ಯಕ್ಕೂ ನಾರು ನುಗ್ಗುತ್ತೆ. ಹೃದಯ ಪೆಡಸಾಗುತ್ತೆ, ಹಿಗ್ಗಿ ಆಕಾರ ಕೆಡುತ್ತೆ. ನಿಮ್ಮದು ಆ ದಾರಿ ಹಿಡೀತಿದೆ ಅನ್ನೋ ಭಯ ನನಗೆ. ಈ ಎರಡು ಮಾತ್ರೆ ಆ ಗದ್ದಲ ತಣ್ಣಗಾಗೋಕೆ. ತಪ್ಪಿಸ್ಬೇಡಿ. ದಿನಾ ನಡೀರಿ. ಪಂಪಿಂಗ್ ಇನ್ನೂ ಇಳಿದ್ರೆ ಮೂರು ಮಹಡಿ ಹತ್ತೋದಿರ್ಲಿ, ಅಂಗಡೀಲಿ ಕೂರೋಕೂ ಆಗೋಲ್ಲ."

ಡಾಕ್ಟರಮ್ಮ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕೇಳಿಸಿಕೊಂಡವನು ಮಾತ್ರ ರಫುಗಾರ. ಮೆಟ್ಟಿಲ ಕೆಳಗೆ ಕೂತು ಅವನು ತನ್ನದೇ ಶಾಸ್ತ್ರ ಹೊಲಿದ. ಒಳಗೆ ತೇಪೆಯವರು ಇನ್ನೂ ಕೆಲಸದಲ್ಲಿದ್ದಾರೆ; ಮಾತ್ರೆ ಅವರನ್ನು ಮನೆಗೆ ಅಟ್ಟುತ್ತದೆ. ಅರ್ಧ ಮಾಡಿದ ಕೆಲಸ ಒಂದೇ ಒಗೆತಕ್ಕೆ ಬಿಚ್ಚಿಕೊಳ್ಳುವುದನ್ನು ಅವನು ಎಷ್ಟು ನೋಡಿಲ್ಲ! ಷಡ್ಡಕನ ಒಳಗಿನವರು ಬೇಗ ಕೈ ತೊಳೆದುಕೊಂಡಿದ್ದಾರೆ. ಬ್ರೇಕಿನವನಲ್ಲವೇ, ಜೀನ್‌ಗಳಿಗೂ ಬ್ರೇಕು. ಅಂದರೆ ಅವನ ತೇಪೆ ತೆಳು. ನನ್ನದು ಒರಟಾದರೆ ಆಗಲಿ, ಅವನದಕ್ಕಿಂತ ದಪ್ಪ ಇರಲಿ. ಹೀಗೆಂದುಕೊಂಡು ಆ ಎರಡು ಮಾತ್ರೆಗಳನ್ನು ನುಂಗುವುದನ್ನು ಬಿಟ್ಟು, ದಿನದಿನವೂ ಗುಂಡಿ ಡಬ್ಬಿಗೆ ಹಾಕತೊಡಗಿದ. ಬಿಳಿ ಅಂಗಿಯ ಗುಂಡಿಗಳ ನಡುವೆ ಅವು ಚೆನ್ನಾಗಿ ಬೆರೆತವು. ಹೊಸ ರಫು ಎಳೆದಾಡಬಾರದು, ಚಪ್ಪಟೆಯಾಗಿ ಒಣಗಬೇಕು. ಆದ್ದರಿಂದ ನಡೆಯುವುದನ್ನೂ ನಿಲ್ಲಿಸಿ, ಅಂಗಡಿಯ ಹೊತ್ತು ಬಿಟ್ಟರೆ ಅಂಗಾತ ಮಲಗಿಯೇ ಇದ್ದ. ಷಡ್ಡಕನ ಚಪ್ಪಾಳೆ ಕೇಳುವ ಕೋಣೆಗೆ ಹೋಗದಿರಲು ಇದಕ್ಕಿಂತ ಒಳ್ಳೆಯ ವೈದ್ಯಕೀಯ ಕಾರಣ ಬೇಕೇ?

ವಾರಗಳು ಕಳೆದಂತೆ ಎರಡನೆಯ ಮಹಡಿಯಲ್ಲಿ ನಿಂತು ಸುಧಾರಿಸಿಕೊಳ್ಳುತ್ತಿದ್ದವನು ಒಂದನೆಯದರಲ್ಲೇ ನಿಲ್ಲುವಂತಾದ. ಸಂಜೆ ಚಪ್ಪಲಿ ಬಿಟ್ಟರೆ ಪಟ್ಟಿಯ ಗುರುತು ಪಾದದಲ್ಲಿ ಹಾಗೇ ಉಳಿಯುತ್ತಿತ್ತು.

"ಕಾಲು ಊದ್ತಿದೆಯಲ್ರೀ? ಮಾತ್ರೆ ಸರಿಯಾಗಿ ತಗೋತಿದ್ದೀರಾ?"

"ಎಲ್ಲಾ ಡಬ್ಬಿಗೆ ಹಾಕ್ತಿದ್ದೀನಿ" ಎಂದ. ಹೆಂಡತಿ ಅದನ್ನು ಹೊಟ್ಟೆ ಎಂದೇ ತಿಳಿದಳು.

ಆಗ ನಾದಿನಿ ಒಂದು ಚೀಲ ಹಿಡಿದು ಬಂದಳು. ಚೀಲದಲ್ಲಿ ಷಡ್ಡಕನ ಬೂದು ಕೋಟು.

"ಭಾವ, ಡ್ರೈವಿಂಗ್ ಸ್ಕೂಲಿನವರ ಸಂಘ ಇವರಿಗೆ ಸನ್ಮಾನ ಮಾಡುತ್ತಂತೆ. ಬಸ್ಸು ಉಳಿಸಿದ್ದಕ್ಕೆ. ಇದೇ ಕೋಟು ಬೇಕು ಅಂತ ಹಟ. ನೀವೇ ಮಾಡ್ಬೇಕಂತೆ, ಬೇರೆಯವರ ಕೈಗೆ ಕೊಡ್ಬೇಡ ಅಂದ್ರು."

ರಫುಗಾರ ಕೋಟನ್ನು ಬಿಚ್ಚಿ ಹರಡಿದ. ಎಡ ಎದೆಯ ಮೇಲೆ ಕತ್ತರಿಯ ನೇರ ಸೀಳು. ಒಳಮಡಿಕೆ ನೋಡಿದ, ತೋಳಿನ ತುದಿ ನೋಡಿದ. ಎಲ್ಲೂ ಒಂದೆಳೆ ಹೆಚ್ಚುವರಿ ಇಲ್ಲ. ಮೈಯೇ ಎಲ್ಲವನ್ನೂ ತಿಂದಿತ್ತು. ಅವನಿಗೆ ಒಳಗೊಳಗೇ ಖುಷಿಯಾಯಿತು. "ಇದರ ನೂಲು ಇದರಲ್ಲೇ ಇಲ್ಲಮ್ಮ. ಈ ಬಣ್ಣ ಈಗ ಎಲ್ಲೂ ಸಿಗಲ್ಲ. ಏನ್ಮಾಡೋದು, ಅವನಿಗೆ ಬೇರೆ ಕೋಟು ಹಾಕ್ಕೊಳ್ಳೋಕೆ ಹೇಳು."

ಹೆಂಡತಿ ಬೀರು ತೆಗೆದಳು. ಅದೇ ಥಾನಿನ ಇನ್ನೊಂದು ಕೋಟನ್ನು ತಂದು ಅವನ ತೊಡೆಯ ಮೇಲೆ ಹಾಕಿದಳು. "ನೂಲಿನ ಅಂಗಡೀನೇ ಇಲ್ಲಿ ನೇತಾಡ್ತಿದೆ. ಹೇಗೂ ನೀವು ತೊಡಲ್ಲ."

ತನ್ನ ಕೋಟಿನಿಂದ ಎಳೆ ಕಿತ್ತು ಅವನ ಕೋಟಿಗೆ! ಅಕ್ಕತಂಗಿಯರ ಎದುರು ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ಕೆಳಗೆ ಅಂಗಡಿಯಲ್ಲಿ ಕೂತು ಒಂದೊಂದೇ ಎಳೆ ಎಳೆದ. ಒಂದೊಂದು ಎಳೆಗೂ ಎದೆಯಲ್ಲಿ ಚುರುಕ್ ಎಂದಿತು. ಸೀಳು ಮುಚ್ಚುವ ಕೆಲಸ ಚೆನ್ನಾಗಿಯೇ ಸಾಗಿತು. ಮುಚ್ಚಿಯೂ ಆಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅಷ್ಟರಲ್ಲಿ ಅವನ ಕಣ್ಣಿಗೆ ವೇದಿಕೆ ಬಂತು, ಹಾರ ಬಂತು, ಚಪ್ಪಾಳೆ ಕೇಳಿಸಿತು. ಈ ಕೋಟು ಮುಂದೆಂದೋ ಸವೆದು ಚಿಂದಿಯಾದಾಗಲೂ ತಾನು ನೇಯ್ದ ಈ ಅಂಗೈಯಗಲದ ಜಾಗ ಮಾತ್ರ ಗಟ್ಟಿಯಾಗಿ ಉಳಿಯಬೇಕು, ಆಗಲಾದರೂ ಜನ ಇದು ಯಾರ ಕೆಲಸ ಎಂದು ಕೇಳಬೇಕು. ಹೀಗೆ ಅನಿಸಿದ್ದೇ ತಡ, ಸೂಜಿ ಸೀಳನ್ನು ದಾಟಿ ಪಕ್ಕದ ಒಳ್ಳೆಯ ಬಟ್ಟೆಗೂ ನುಗ್ಗಿತು. ಎಳೆಯ ಮೇಲೆ ಎಳೆ. ಹೊಟ್ಟೆಕಿಚ್ಚು ಆ ಕೋಟಿನಲ್ಲಿ ಅಕ್ಷರಶಃ ಹಾಸುಹೊಕ್ಕಾಯಿತು.

ತೊಟ್ಟು ನೋಡಲು ಷಡ್ಡಕ ಬಂದ. ಮೂರು ಮಹಡಿಯನ್ನೂ ಸಿಳ್ಳೆ ಹಾಕಿಕೊಂಡು ಹತ್ತಿದ. ಅವನ ಹಿಂದೆ ಬಂದ ರಫುಗಾರ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಸಿದು ಉಸಿರಿಗಾಗಿ ಬಾಯಿ ತೆರೆದ.

"ನಿಧಾನ ಭಾವ, ನ್ಯೂಟ್ರಲ್‌ನಲ್ಲಿ ಇರಿ" ಎಂದು ಷಡ್ಡಕ ಕೋಟು ತೊಟ್ಟು ಕನ್ನಡಿಯೆದುರು ನಿಂತ. "ಆಹಾ! ಸೀಳು ಎಲ್ಲಿತ್ತು?"

ಆ ಮಾತು ಅವನ ಬಾಯಿಂದ ಬಂದದ್ದು ಕೇಳಿ ರಫುಗಾರನಿಗೆ ಅರೆಕ್ಷಣ ಹಿತವಾಯಿತು. ಆದರೆ ಷಡ್ಡಕ ಬಗ್ಗಿದಾಗ ಕೋಟೆಲ್ಲ ಬಗ್ಗಿತು, ಎಡ ಎದೆ ಬಗ್ಗಲಿಲ್ಲ. ರಟ್ಟಿನ ಹಾಗೆ ಸೆಟೆದು ನಿಂತಿತ್ತು. ಸುತ್ತಲ ಬಟ್ಟೆ ಸುಕ್ಕುಸುಕ್ಕಾಗಿ ಅದರ ಕಡೆ ಎಳೆದುಕೊಂಡಿತ್ತು.

"ಇದೇನು ಭಾವ, ಗುಂಡು ತೂರದ ಕೋಟು ಮಾಡಿದ್ದೀರಾ? ಸಂಘದವರು ಅಷ್ಟು ಕೆಟ್ಟವರಲ್ಲ!" ಎನ್ನುತ್ತ ಷಡ್ಡಕ, ಎಡಕ್ಕೆ ತಿರುಗುವ ಸಿಗ್ನಲ್ ಕೊಡುವವನಂತೆ ತೋಳು ಚಾಚಿದ.

ಪರ್ರೆಂದು ಸದ್ದಾಯಿತು.

ಹೆಂಡತಿ ಹತ್ತಿರ ಬಂದು ನೋಡಿದಳು. "ಕತ್ತರಿ ಬಿದ್ದ ಕಡೆ ಏನೂ ಆಗಿಲ್ಲ ಕಣ್ರೀ. ಅದರ ಪಕ್ಕದಲ್ಲಿ ಹರಿದಿದೆ. ಚೆನ್ನಾಗಿದ್ದ ಬಟ್ಟೆ."

ರಫುಗಾರ ಕೂತಲ್ಲಿಂದಲೇ ಕೈ ಚಾಚಿ ಮುಟ್ಟಿದ. ತಾನು ನೇಯ್ದ ಜಾಗ ಒಂದಿಷ್ಟೂ ಜಗ್ಗಿರಲಿಲ್ಲ. ಜಗ್ಗದ್ದರಿಂದಲೇ ಜಗ್ಗಾಟವೆಲ್ಲ ಅಕ್ಕಪಕ್ಕದ ಬಡಪಾಯಿ ಬಟ್ಟೆಯ ಮೇಲೆ ಬಿದ್ದು ಅದು ಸೋತಿತ್ತು. ಕೆಲಸ ಕಲಿಯುವ ದಿನಗಳಲ್ಲಿ ಇದೇ ತಪ್ಪಿಗೆ ಗುರು ಬೆರಳ ಗಂಟಿಗೆ ಕತ್ತರಿಯ ಹಿಡಿಯಿಂದ ಕುಟ್ಟಿದ್ದರು: ನಿಲ್ಲಿಸೋದು ಗೊತ್ತಿಲ್ಲದವನು ಸೂಜಿ ಹಿಡೀಬೇಡ. ಕೋಟಿನ ಎಡ ಎದೆಯ ಮೇಲಿದ್ದ ಅವನ ಕೈ ಮೆಲ್ಲಗೆ ತನ್ನ ಎಡ ಎದೆಗೆ ಬಂತು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಗದ್ದಲ, ನುಗ್ಗುತ್ತೆ, ಪೆಡಸಾಗುತ್ತೆ: ಡಾಕ್ಟರಮ್ಮನ ಮಾತು ಈಗ ಕನ್ನಡವಾಯಿತು.

"ಅಂಗಡಿಯಿಂದ ಗುಂಡಿ ಡಬ್ಬಿ ತರಿಸು" ಎಂದ ಹೆಂಡತಿಗೆ.

"ಗುಂಡಿ ಯಾಕೆ ಈಗ?"

"ತರಿಸು. ಆಮೇಲೆ ಬೈಯುವಿಯಂತೆ."

ಷಡ್ಡಕನೇ ಇಳಿದು ಹೋಗಿ ತಂದ. ಡಬ್ಬಿಯನ್ನು ಮೇಜಿನ ಮೇಲೆ ಸುರಿದಾಗ ಗುಂಡಿಗಳಿಗಿಂತ ಮಾತ್ರೆಯೇ ಹೆಚ್ಚು ಉರುಳಿದವು. ಹೆಂಡತಿ ಒಂದು ಮಾತ್ರೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅವಳ ಬಾಯಿ ನಿಲ್ಲಲಿಲ್ಲ. "ಯಾರ ಮೇಲಿನ ಸಿಟ್ಟಿಗೆ ಯಾರ ಎದೆ ಹೊಲ್ಕೋತಿದ್ದೀರಿ? ನಾಳೆ ನಿಮ್ಮನ್ನ ಕೆಳಗಿಳಿಸೋಕೆ ನಾಲ್ಕು ಜನ ಬೇಕಾಗ್ತಿತ್ತು, ಗೊತ್ತಾ?" ಎನ್ನುತ್ತ ಗುಂಡಿ ಬೇರೆ, ಮಾತ್ರೆ ಬೇರೆ ಮಾಡತೊಡಗಿದಳು. ಕಣ್ಣು ಮಂಜಾಗಿ ಎರಡು ಗುಂಡಿ ಮಾತ್ರೆಗಳ ಕಡೆ ಸೇರಿದವು.

ಷಡ್ಡಕ ಹರಿದ ಕೋಟಿನಲ್ಲೇ ಕೂತ. "ನಾನು ಒಂದೂ ತಪ್ಪಿಸಿಲ್ಲ ಭಾವ. ಯಾಕೆ ಗೊತ್ತಾ? ನೀವು ನನಗಿಂತ ಮುಂಚೆ ಗುಣ ಆಗ್ಬಿಡ್ತೀರ ಅಂತ. ಅಟ್ಯಾಕ್‌ನಲ್ಲೂ ಮೊದಲು ನೀವೇ. ಆಸ್ಪತ್ರೇಲಿ ನಿಮ್ಮ ಮಂಚದ ಸುತ್ತ ಅಷ್ಟು ಜನ. ನಾನು ಸೇಬು ಹಿಡ್ಕೊಂಡು ಮೂಲೇಲಿ. ಮನೆಗೆ ಹೋಗಿ ಊಟ ಮಾಡ್ಲಿಲ್ಲ ನಾನು, ಕೇಳಿ ಬೇಕಾದ್ರೆ ನಿಮ್ಮ ನಾದಿನೀನ."

"ನಿನಗೂ ಹೊಟ್ಟೆಕಿಚ್ಚಾ?" ಎಂದ ರಫುಗಾರ. ಇಷ್ಟು ಒಳ್ಳೆಯ ಸುದ್ದಿಯನ್ನು ಅವನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ.

ಡಾಕ್ಟರಮ್ಮ ಬೈದದ್ದು ಹೆಂಡತಿಗಿಂತ ಕಡಿಮೆ ಹೊತ್ತು, ಆದರೆ ಹೆಚ್ಚು ಖಾರವಾಗಿ. ಕಾಲಿನ ನೀರಿಳಿಯಲು ಇನ್ನೊಂದು ಮಾತ್ರೆ ಸೇರಿಸಿ, ಕೆಲವು ದಿನ ಆಸ್ಪತ್ರೆಯಲ್ಲೇ ಇರಿಸಿಕೊಂಡು, ಆ ಎರಡನ್ನೂ ಮೊದಲಿನಿಂದ ಶುರು ಮಾಡಿಸಿದರು. ನೇಯ್ದುಬಿಟ್ಟ ನಾರನ್ನು ಬಿಚ್ಚಲು ತಮ್ಮ ಕೈಲಾಗದು, ಮುಂದೆ ನೇಯದಂತೆ ತಡೆಯಲು ನೋಡಬಹುದು, ಅಷ್ಟೇ ಎಂದರು. ಕೋಟಿನಲ್ಲಿ ಆ ತೊಂದರೆ ಇರಲಿಲ್ಲ. ರಫುಗಾರ ಮನೆಗೆ ಬಂದವನೇ ಹೆಚ್ಚಿನ ಎಳೆಗಳನ್ನೆಲ್ಲ ಬಿಚ್ಚಿ, ಹೊಸ ಹರುಕಿಗಾಗಿ ತನ್ನ ಕೋಟಿನಿಂದ ಮತ್ತಷ್ಟು ಕಿತ್ತು, ಅಂಚಿಗೆ ಹೋದಂತೆ ಎಳೆ ಕಡಿಮೆಯಾಗುವ ಹಾಗೆ ನೇಯ್ದ. ಸೀಳು ಮುಚ್ಚಿದ ಕೂಡಲೇ ಸೂಜಿಯನ್ನು ಗಡಿಯಾರದವನ ಕೈಗೆ ಕೊಟ್ಟು, "ಇವತ್ತು ನಾನು ಕೇಳಿದರೂ ಕೊಡಬೇಡ" ಎಂದ.

ಸನ್ಮಾನದ ದಿನ ಅವನು ಮೂರನೆಯ ಸಾಲಿನಲ್ಲಿ ತನ್ನ ಕೋಟು ತೊಟ್ಟು ಕೂತಿದ್ದ. ಒಳಮಡಿಕೆಯೆಲ್ಲ ಖಾಲಿಯಾಗಿ ತೋಳು ಮೊಟಕಾಗಿತ್ತು. ವೇದಿಕೆಯ ಮೇಲೆ ಷಡ್ಡಕ ಕೈ ಬೀಸಿ ಬೀಸಿ ಮಾತಾಡಿದ. ಬೀಸಿದಂತೆಲ್ಲ ಬಟ್ಟೆ ಕೈಯ ಜೊತೆ ಹೋಗಿ ಬಂತು. ರಫು ಎಲ್ಲಿದೆ ಎಂದು ರಫುಗಾರನಿಗೇ ಕಾಣಲಿಲ್ಲ. ಆ ಸಭೆಯಲ್ಲಿ ಎಲ್ಲರೂ ಷಡ್ಡಕನನ್ನು ನೋಡುತ್ತಿದ್ದರೆ, ತನ್ನ ಅಂಗೈಯಗಲದ ಕೆಲಸವನ್ನು ಒಬ್ಬನೂ ನೋಡುತ್ತಿಲ್ಲವಲ್ಲ ಎಂದು ಅವನ ಹೊಟ್ಟೆ ಉರಿಯಿತು. ಹೊಟ್ಟೆಯೇ ಉರಿದದ್ದು, ಎದೆಯಲ್ಲ. ಅವನು ಮುಟ್ಟಿ ನೋಡಿ ಖಾತ್ರಿ ಮಾಡಿಕೊಂಡ.

ಕೆಲವು ತಿಂಗಳ ಮೇಲೆ ಇಬ್ಬರಿಗೂ ಒಂದೇ ದಿನ ಎಕೋ ಬಂತು. ಕತ್ತಲೆ ಕೋಣೆಯಲ್ಲಿ ಎಡಕ್ಕೆ ಹೊರಳಿ ಮಲಗಿ ರಫುಗಾರ ಪರದೆ ನೋಡಿದ. ಬೂದು ಬಣ್ಣದ ಗೋಡೆ ಹಿಂಡಿಕೊಂಡು, ಬಿಚ್ಚಿಕೊಂಡು ಬಡಿಯುತ್ತಿತ್ತು.

"ತೇಪೆ ಎಲ್ಲಿದೆ ಡಾಕ್ಟರಮ್ಮ?"

"ಇಲ್ಲಿ. ಅಲ್ಲಾಡದೆ ನಿಂತಿದೆಯಲ್ಲ, ಈ ಜಾಗ."

"ಥೂ, ಕಣ್ಣಿಗೆ ಹೊಡೆಯುತ್ತೆ. ಇನ್ನೂ ಹರಡ್ತಿದೆಯಾ?"

ಡಾಕ್ಟರಮ್ಮ ತುಂಬ ಹೊತ್ತು ಅಳೆದರು. "ಹರಡಿದ ಹಾಗೆ ಕಾಣ್ತಿಲ್ಲ. ಹಿಗ್ಗೋದೂ ನಿಂತಿದೆ. ಪಂಪಿಂಗ್ ನಲವತ್ತೆರಡು. ಇದಕ್ಕಿಂತ ಬಹಳ ಏರುತ್ತೆ ಅನ್ನೋ ಭರವಸೆ ಕೊಡಲ್ಲ. ಆದ್ರೆ ಅಂಗಡಿಗೆ ಹೋಗ್ಬಹುದು, ಮೂರು ಮಹಡೀನೂ ಹತ್ಬಹುದು. ನಿಧಾನವಾಗಿ."

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ಅಂಗಿ ಹಾಕಿಕೊಳ್ಳುತ್ತ ತಡೆಯಲಾರದೆ ಕೇಳಿದ: "ಅವನದ್ದೂ ಹೀಗೇ ಕಣ್ಣಿಗೆ ಹೊಡೆಯುತ್ತಾ?"

"ಒಬ್ಬರದು ಇನ್ನೊಬ್ಬರಿಗೆ ಹೇಳಲ್ಲ. ಅಟ್ಯಾಕ್ ಆದ ಮೇಲೆ ಸಾಮಾನ್ಯವಾಗಿ ಎಲ್ಲರಿಗೂ ಸ್ವಲ್ಪವಾದ್ರೂ ಕಾಣುತ್ತೆ."

ಅಷ್ಟು ಸಾಕಾಯಿತು. ಹೊರಗೆ ಬೆಂಚಿನ ಮೇಲೆ ಷಡ್ಡಕ ತನ್ನ ಸರದಿ ಮುಗಿಸಿ, ಬೂದು ಕೋಟಿನಲ್ಲಿ ಕಾಯುತ್ತಿದ್ದ.

"ಎಷ್ಟು ಬಂತು ಭಾವ?"

"ನಿಂದು ಮೊದಲು ಹೇಳು."

"ದೊಡ್ಡವರು ನೀವು, ನೀವೇ ಹೇಳ್ಬೇಕು."

ಯಾರೂ ಹೇಳಲಿಲ್ಲ. ಎದುರಿಗೆ ಲಿಫ್ಟಿನ ಬಾಗಿಲು ತೆರೆದು, ಅವರಿಬ್ಬರಿಗಾಗಿ ಸ್ವಲ್ಪ ಹೊತ್ತು ಕಾದು, ಮುಚ್ಚಿಕೊಂಡಿತು. ರಫುಗಾರ ಒಮ್ಮೆ ಷಡ್ಡಕನ ಎಡ ಎದೆಯ ಕಡೆ ನೋಡಿದ; ತೂತು ಎಲ್ಲಿತ್ತೋ ಗೊತ್ತಾಗಲಿಲ್ಲ. ಆಮೇಲೆ ಇಬ್ಬರೂ, ಒಬ್ಬರಿಗಿಂತ ಒಬ್ಬರು ಅರ್ಧ ಹೆಜ್ಜೆ ಮುಂದಿರಲು ನೋಡುತ್ತ, ಮೆಟ್ಟಿಲ ಕಡೆ ನಡೆದರು.